ಅಡುಗೆಮನೆಗೆಂದು ಕೊಟ್ಟ ದುಡ್ಡು ಎಲ್ಲಿ ಹೋಯಿತು ಎಂದು ಕೇಳಿದ್ದು ತಪ್ಪಾ?

ಹಳೇ ಹಾಸ್ಟೆಲ್ ಹುಡುಗ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಸಂಸ್ಥೆಯ ಹೆಸರು, ಊರಿನ ಹೆಸರು ಹೇಳುವುದಿಲ್ಲ, ಕೇಳಬೇಡಿ.

ನಾನು ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಓದಿದ್ದು ನಮ್ಮ ತಾಲ್ಲೂಕಿನ ಒಂದು ಉಚಿತ ಹಾಸ್ಟೆಲ್‌ನಲ್ಲಿ ಇದ್ದುಕೊಂಡು. ಊರಿನ ನಾಲ್ಕು ಜನ ದೊಡ್ಡವರು ಸೇರಿ ಕಟ್ಟಿದ ಸಂಸ್ಥೆ. ನಮ್ಮಪ್ಪನಿಗೆ ಇದ್ದದ್ದು ಒಂದೂವರೆ ಎಕರೆ ಹೊಲ, ಅದೂ ಮಳೆ ನಂಬಿದ್ದು. ಆ ಹಾಸ್ಟೆಲ್ ಇಲ್ಲದಿದ್ದರೆ ನಾನು ಇವತ್ತು ಬೆಂಗಳೂರಿನಲ್ಲಿ ಸಂಬಳ ತೆಗೆದುಕೊಳ್ಳುತ್ತಿರಲಿಲ್ಲ. ಕೆಲಸ ಸಿಕ್ಕ ಮೇಲೆ ಆರು ವರ್ಷದಿಂದ ತಿಂಗಳಿಗೆ ಮೂರು ಸಾವಿರ ಕಳಿಸುತ್ತಿದ್ದೇನೆ. ಒಂದು ದಿನವೂ ಲೆಕ್ಕ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ ಹಳೇ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಾರ್ಯದರ್ಶಿಗಳು ಒಂದು ಫೋಟೋ ಹಾಕಿದರು. ನಾವಿದ್ದಾಗಿನ ಅದೇ ತಗಡಿನ ಅಡುಗೆಮನೆ, ಮಳೆಗೆ ಒಲೆಯ ಮೇಲೇ ಸೋರುತ್ತಿತ್ತು. ಹೊಸ ಅಡುಗೆಮನೆ, ಹುಡುಗರಿಗೆ ಆರು ಬಚ್ಚಲು ಕಟ್ಟಬೇಕು ಅಂದರು. ಎಲ್ಲರೂ ಸೇರಿ ನಾಲ್ಕೇ ತಿಂಗಳಲ್ಲಿ 11 ಲಕ್ಷ 40 ಸಾವಿರ ಕೂಡಿಸಿದೆವು. ಒಬ್ಬ ಆಟೋ ಓಡಿಸುವ ಗೆಳೆಯ ಮೂರು ಕಂತಿನಲ್ಲಿ ಐದು ಸಾವಿರ ಕೊಟ್ಟ. ಅದನ್ನು ನಾನು ಮರೆಯುವುದಿಲ್ಲ.

ಈ ದಸರಾ ರಜಕ್ಕೆ ಊರಿಗೆ ಹೋದವನು ಹಾಗೇ ಹಾಸ್ಟೆಲ್ ಕಡೆ ನಡೆದೆ. ಹೊಸ ಅಡುಗೆಮನೆಯ ಗೋಡೆ ಲಿಂಟಲ್ ಮಟ್ಟಕ್ಕೆ ನಿಂತಿದೆ. ಕಂಬಿ ತುಕ್ಕು ಹಿಡಿದಿದೆ. ಬಾಗಿಲು ಬರಬೇಕಾದ ಜಾಗದಲ್ಲಿ ಔಡಲ ಗಿಡ ನನ್ನ ಎದೆಯ ಎತ್ತರಕ್ಕೆ ಬೆಳೆದಿದೆ. ಮಕ್ಕಳು ಈಗಲೂ ತೊಟ್ಟಿಯ ಪಕ್ಕ ಬಯಲಲ್ಲೇ ಸ್ನಾನ ಮಾಡುತ್ತಿದ್ದಾರೆ. ಆಫೀಸಿನ ಮುಂದೆ ಮಾತ್ರ ಸಂಸ್ಥೆಯ ಹೆಸರು ಬರೆಸಿದ ಹೊಸ ಬಿಳಿ ಗಾಡಿ ನಿಂತಿತ್ತು.

ಕಾರ್ಯದರ್ಶಿಗಳನ್ನು ಕಂಡು, "ಸಾರ್, ಕಟ್ಟಡದ ಬಿಲ್ಲು ಒಂದಿಷ್ಟು ನೋಡಬಹುದಾ?" ಅಂತ ಕೇಳಿದೆ. ಅವರು ನನ್ನನ್ನೇ ನೋಡುತ್ತಾ, "ಇದೇ ಅನ್ನ ತಿಂದು ಬೆಳೆದವನು ನೀನು. ನಮ್ಮ ಮೇಲೆ ನಂಬಿಕೆ ಇಲ್ವೇನಪ್ಪಾ?" ಅಂದರು. ನನಗೆ ಬಾಯಿ ಕಟ್ಟಿಹೋಯಿತು. ಅದೇ ಪ್ರಶ್ನೆಯನ್ನು ಸಂಜೆ ಗುಂಪಿನಲ್ಲಿ ಬರೆದೆ. ಹತ್ತು ನಿಮಿಷಕ್ಕೆ ನನ್ನನ್ನು ಗುಂಪಿನಿಂದ ತೆಗೆದುಹಾಕಿದರು.

ನಾನು ಯಾರನ್ನೂ ಕಳ್ಳ ಅನ್ನುತ್ತಿಲ್ಲ. ಆದರೆ ನಾಲ್ಕು ದಿನದಿಂದ ನಿದ್ದೆ ಬಂದಿಲ್ಲ. ಅನ್ನದ ಋಣ ಇರುವವನು ಲೆಕ್ಕ ಕೇಳಬಾರದಾ? ಮುಂದೆ ಏನು ಮಾಡಲಿ?


ಬೆಳ್ಳೂರು ಕ್ರಾಸ್ · ಶನಿವಾರ ರಾತ್ರಿ

ಮೊದಲು ತಿಂಗಳ ಮೂರು ಸಾವಿರ ನಿಲ್ಲಿಸಿ. ಅದಕ್ಕೇ ನಾನು ಯಾವ ಸಂಸ್ಥೆಗೂ ಒಂದು ರೂಪಾಯಿ ಕೊಡುವುದಿಲ್ಲ. ಎಲ್ಲ ಕಡೆಯೂ ಇದೇ ಕಥೆ.


ನಿವೃತ್ತ ಮೇಷ್ಟ್ರು · ಭಾನುವಾರ ಬೆಳಿಗ್ಗೆ

ತಮ್ಮಾ, ನಿನ್ನ ನೋವು ಅರ್ಥವಾಗುತ್ತದೆ. ಆದರೂ ಹಿರಿಯನಾಗಿ ಒಂದು ಮಾತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಮ್ಮನ್ನು ಬೆಳೆಸಿದರು. ಕೊಟ್ಟ ಮೇಲೆ ಅದು ನಮ್ಮದಲ್ಲ. ನಾನು ತುಮಕೂರು ಜಿಲ್ಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಮಾಡಿದವನು. ಸಿದ್ಧಗಂಗೆಗೆ ರೈತರು ಗಾಡಿಯಲ್ಲಿ ರಾಗಿ, ತೆಂಗಿನಕಾಯಿ ತುಂಬಿಕೊಂಡು ಹೋಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಯಾರೂ ರಸೀದಿಗೆ ಕೈ ಚಾಚಲಿಲ್ಲ. ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದಾಗ ಅಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಉಣ್ಣುತ್ತಿದ್ದರು. ನಂಬಿಕೆಯಿಂದ ನಡೆದದ್ದು ಅದು. ಪ್ರತಿ ರೂಪಾಯಿಗೂ ಲೆಕ್ಕ ಕೇಳಲು ಹೊರಟರೆ ಇಂಥ ಸಣ್ಣ ಊರಿನ ಸಂಸ್ಥೆಗಳನ್ನು ನಡೆಸಲು ಯಾರೂ ಮುಂದೆ ಬರುವುದಿಲ್ಲ. ಹಿರಿಯರ ಮನಸ್ಸು ನೋಯಿಸಿ ನೀನು ಗಳಿಸುವುದೇನು?


ಕಾವೇರಿ ದಡದವಳು · ಭಾನುವಾರ ಬೆಳಿಗ್ಗೆ

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ನಿಮ್ಮ ಮಾತು ಅರ್ಧ ಮಾತ್ರ ಒಪ್ಪುತ್ತೇನೆ. ಸಿದ್ಧಗಂಗೆಗೆ ರಾಗಿ ತಂದ ರೈತ ರಸೀದಿ ಕೇಳಲಿಲ್ಲ, ಯಾಕೆಂದರೆ ಅವನ ಕಣ್ಣೆದುರೇ ಮಕ್ಕಳು ಪಂಕ್ತಿಯಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದರು. ಅವನಿಗೆ ಅದೇ ಲೆಕ್ಕ. ಇಲ್ಲಿ ಈ ತಮ್ಮನ ಕಣ್ಣಿಗೆ ಬಿದ್ದದ್ದು ಔಡಲ ಗಿಡ.

ಲೆಕ್ಕ ಕೇಳಿಸಿಕೊಳ್ಳುವ ಜಾಗದಲ್ಲಿ ನಾನೂ ಕೂತಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಜೋಡುಪಾಲದ ಕಡೆಯವರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದಿದ್ದರು. ನಾವು ಹನ್ನೆರಡು ಜನ ಸ್ನೇಹಿತರು ಸೇರಿ ದುಡ್ಡು ಎತ್ತಿದೆವು. 4 ಲಕ್ಷ 16 ಸಾವಿರ ಬಂತು. ಮೊದಲ ವಾರ ಯಾರೂ ಏನೂ ಕೇಳಲಿಲ್ಲ. ಮೂರನೇ ವಾರ ನನ್ನ ಸ್ವಂತ ಚಿಕ್ಕಪ್ಪ ಫೋನ್ ಮಾಡಿ, "ಎಷ್ಟು ಬಂತು, ಏನು ಮಾಡಿದಿರಿ ಅಂತ ಎಲ್ಲಾದರೂ ಬರೆದಿದ್ದೀಯಾ ಮಗಳೇ?" ಅಂದರು. ಅವತ್ತು ನನಗೆ ಉರಿದುಹೋಯಿತು. ಒದ್ದೆ ಬಟ್ಟೆಯಲ್ಲಿ ಹಗಲು ರಾತ್ರಿ ಓಡಾಡಿದವಳನ್ನು ಹೀಗೆ ಕೇಳುತ್ತಾರಲ್ಲ ಅಂತ ಕಣ್ಣೀರೂ ಹಾಕಿದೆ.

ಆಮೇಲೆ ಬಿಲ್ಲುಗಳನ್ನು ತುಂಬಿಟ್ಟಿದ್ದ ಪ್ಲಾಸ್ಟಿಕ್ ಕವರ್ ನೆಲಕ್ಕೆ ಸುರಿದು ಕೂತೆ. ಅರ್ಧ ಬಿಲ್ಲು ನೆನೆದು ಶಾಯಿ ಹರಡಿತ್ತು. ಜೀಪಿನವನಿಗೆ ಕೊಟ್ಟ ಒಂಬತ್ತು ಸಾವಿರಕ್ಕೆ ಚೀಟಿಯೇ ಇಲ್ಲ. ಅವನ ಮನೆ ಹುಡುಕಿಕೊಂಡು ಹೋಗಿ, ತಾರೀಕು, ಎಷ್ಟು ಟ್ರಿಪ್ಪು ಅಂತ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ. ಎಲ್ಲ ಕೂಡಿಸಿದಾಗ 2,300 ರೂಪಾಯಿ ತಾಳೆ ಬೀಳಲಿಲ್ಲ. ಅದನ್ನೂ ಹಾಗೇ ಬರೆದೆವು, ಹನ್ನೆರಡು ಜನ ಹಂಚಿಕೊಂಡು ತುಂಬಿದೆವು. ಲೆಕ್ಕದ ನಾಲ್ಕು ಹಾಳೆಯನ್ನು ಫೋಟೋ ತೆಗೆದು ದುಡ್ಡು ಕೊಟ್ಟ ಎಲ್ಲರಿಗೂ ಕಳಿಸಿದೆವು. ಮುಂದಿನ ವರ್ಷ, 2019ರ ಪ್ರವಾಹದಲ್ಲಿ, ನಾವು ಕೇಳುವ ಮೊದಲೇ ಅದೇ ಜನ ಫೋನ್ ಮಾಡಿ ಎಲ್ಲಿಗೆ ಕಳಿಸಲಿ ಅಂದರು. ಚಿಕ್ಕಪ್ಪನ ಆ ಫೋನಿಗೆ ನಾನು ಇವತ್ತಿಗೂ ಋಣಿ.


ಜಮಾ ಖರ್ಚು · ಭಾನುವಾರ ಮಧ್ಯಾಹ್ನ

ನಾನು ಮೈಸೂರಿನಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಹದಿನಾರು ವರ್ಷದಿಂದ ಟ್ರಸ್ಟು, ಸಂಘಗಳ ಲೆಕ್ಕ ನೋಡುತ್ತಿದ್ದೇನೆ. ಭಾವನೆಯ ಮಾತು ಎಲ್ಲರೂ ಆಡಿದ್ದೀರಿ, ನಾನು ಕಾಗದದ ಮಾತು ಹೇಳುತ್ತೇನೆ.

ಹಾಸ್ಟೆಲ್ ಹುಡುಗರೇ, ಮೊದಲು ಪತ್ತೆ ಮಾಡಬೇಕಾದ್ದು, ಅದು ಟ್ರಸ್ಟೋ ಸಂಘವೋ ಅನ್ನುವುದು. ಎರಡರ ದಾರಿ ಬೇರೆ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತದೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಆಡಳಿತ ಮಂಡಳಿಯ ಪಟ್ಟಿ, ಆಸ್ತಿ-ಜವಾಬ್ದಾರಿ ಪಟ್ಟಿ ಎಲ್ಲ ಸಂಘಗಳ ನೋಂದಣಾಧಿಕಾರಿಗೆ ಕೊಡಬೇಕು. ಸದಸ್ಯರಲ್ಲಿ ಮೂರನೇ ಒಂದು ಭಾಗ ಜನ ಸಹಿ ಹಾಕಿ ಅರ್ಜಿ ಕೊಟ್ಟರೆ 25ನೇ ಸೆಕ್ಷನ್ ಪ್ರಕಾರ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. ಹಳೇ ವಿದ್ಯಾರ್ಥಿಗಳಲ್ಲಿ ಯಾರಾದರೂ ಸದಸ್ಯತ್ವದ ಶುಲ್ಕ ಕಟ್ಟಿದ್ದಾರಾ ನೋಡಿ. ಎಷ್ಟೋ ಜನ ಕಟ್ಟಿ ಮರೆತೇಬಿಟ್ಟಿರುತ್ತಾರೆ. ಸಾರ್ವಜನಿಕ ಟ್ರಸ್ಟ್ ಆದರೆ ಸ್ವಲ್ಪ ಕಷ್ಟ. ಅದರಲ್ಲಿ ಹಿತಾಸಕ್ತಿ ಇರುವ ಇಬ್ಬರು ಕೋರ್ಟಿನ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಕೆಳಗೆ ದಾವೆ ಹೂಡಬಹುದು. ಮಹಾರಾಷ್ಟ್ರದಲ್ಲಿ ಇದಕ್ಕೆಂದೇ ಚಾರಿಟಿ ಕಮಿಷನರ್ ಇದ್ದಾರೆ, ಜನ ಸೀದಾ ಅಲ್ಲಿಗೆ ಹೋಗುತ್ತಾರೆ.

ಎರಡನೆಯದು ನಿಮ್ಮ ರಸೀದಿ. ಆರು ವರ್ಷದಿಂದ ಕೊಟ್ಟಿದ್ದೀರಿ, ನಿಮಗೆ ಫಾರಂ 10ಬಿಇ ಬಂದಿದೆಯಾ? ದಾನಿಗೆ ಆದಾಯ ತೆರಿಗೆ ಉಳಿಸಿಕೊಡುವ 80ಜಿ ವಿನಾಯಿತಿ ಇರುವ ಸಂಸ್ಥೆ ಯಾರಿಂದ ಎಷ್ಟು ಪಡೆಯಿತು ಎಂದು 2021-22ರಿಂದ ಆದಾಯ ತೆರಿಗೆ ಇಲಾಖೆಗೆ ಫಾರಂ 10ಬಿಡಿಯಲ್ಲಿ ಹೇಳಬೇಕು, ಆಮೇಲೆ ಪೋರ್ಟಲ್‌ನಿಂದ ಇಳಿಸಿದ 10ಬಿಇ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕು. ಗಡುವು ಮೇ 31. ತಪ್ಪಿದರೆ ದಿನಕ್ಕೆ 200 ರೂಪಾಯಿ ಶುಲ್ಕ. ಬರೀ ಅಚ್ಚು ಹಾಕಿಸಿದ ರಸೀದಿ ಪುಸ್ತಕದ ಚೀಟಿ ಕೊಡುತ್ತಿದ್ದರೆ ಒಂದೋ 80ಜಿ ಇಲ್ಲ, ಇಲ್ಲವೇ ಇದ್ದೂ ಸಲ್ಲಿಸುತ್ತಿಲ್ಲ. ನಗದಿನಲ್ಲಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ವಿನಾಯಿತಿಯೇ ಸಿಗುವುದಿಲ್ಲ ಅನ್ನುವುದನ್ನೂ ನೆನಪಿಡಿ.

ಈಗ ಮುಖ್ಯವಾದದ್ದು. "ನಮ್ಮ ಲೆಕ್ಕ ಆಡಿಟ್ ಆಗಿದೆ" ಅಂತ ಅವರು ಹೇಳಬಹುದು. ಅದು ನಿಜವೂ ಇರಬಹುದು. ಆದರೆ ಆಡಿಟ್ ಏನು ನೋಡುತ್ತದೆ ಅಂತ ತಿಳಿದುಕೊಳ್ಳಿ. ಸಂಸ್ಥೆಯ ಆದಾಯದಲ್ಲಿ ಶೇ 85ರಷ್ಟು ಅದರ ಉದ್ದೇಶಕ್ಕೆ ಖರ್ಚಾಗಿರಬೇಕು, ಖರ್ಚಿಗೆ ಓಚರ್ ಇರಬೇಕು. ಹಾಸ್ಟೆಲ್ ನಡೆಸುವ ಸಂಸ್ಥೆ ಗಾಡಿ ಕೊಂಡರೆ, ಅಕ್ಕಿ ಕೊಂಡರೆ, ಅದು ಉದ್ದೇಶದ ಖರ್ಚೇ. ಅಡುಗೆಮನೆಗೆಂದು ಬಂದ ದುಡ್ಡನ್ನು ಬೇರೆ ನಿಧಿಯಾಗಿ ತೋರಿಸದೆ ಒಟ್ಟು ದೇಣಿಗೆಯಲ್ಲಿ ಸೇರಿಸಿಬಿಟ್ಟರೆ ಆಡಿಟರ್‌ಗೆ ಅಡುಗೆಮನೆ ಕಾಣುವುದೇ ಇಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲ ಸರಿಯಾಗಿರುತ್ತದೆ, ಸ್ಥಳದಲ್ಲಿ ಗೋಡೆ ಲಿಂಟಲ್‌ಗೆ ನಿಂತಿರುತ್ತದೆ. ಇದನ್ನು ನಾನು ಒಂದು ಸಲವಲ್ಲ, ಹತ್ತು ಸಲ ನೋಡಿದ್ದೇನೆ. ಪ್ರತಿ ಸಲ ಹೊಟ್ಟೆ ಸಂಕಟವಾಗಿದೆ. ಹಾಗಾಗಿ ನೀವು ಕೇಳಬೇಕಾದ್ದು ಆಡಿಟ್ ವರದಿಯನ್ನಲ್ಲ, "ಕಟ್ಟಡ ನಿಧಿ"ಯ ಲೆಡ್ಜರ್ ಹಾಳೆಯನ್ನು.

ದೇಶದ ಸ್ಥಿತಿ ಹೇಳಬೇಕೆಂದರೆ, 2015ರಲ್ಲಿ ಸಿಬಿಐ ಸುಪ್ರೀಂ ಕೋರ್ಟಿಗೆ ಕೊಟ್ಟ ಮಾಹಿತಿಯ ಪ್ರಕಾರ ಸುಮಾರು 30 ಲಕ್ಷ ಸಂಸ್ಥೆಗಳಲ್ಲಿ ಲೆಕ್ಕ ಸಲ್ಲಿಸುತ್ತಿದ್ದವು ಶೇ 10ಕ್ಕಿಂತ ಕಡಿಮೆ.


ನಿರ್ವಾಹಕ · ಭಾನುವಾರ ಮಧ್ಯಾಹ್ನ

ಕೆಲವರು ಸಂಸ್ಥೆ ಯಾವುದಿರಬಹುದು ಎಂದು ಊಹಿಸಿ ಹೆಸರು ಬರೆದಿದ್ದರು. ಅಂಥ ಮೂರು ಪೋಸ್ಟ್ ತೆಗೆದಿದ್ದೇನೆ. ದಯವಿಟ್ಟು ಹೆಸರು ಬೇಡ.


ಥೇಮ್ಸ್ ದಂಡೆ · ಭಾನುವಾರ ಸಂಜೆ

ನಿರ್ವಾಹಕರು ಮಾಡಿದ್ದು ಸರಿ. ನಾನು ಇಂಗ್ಲೆಂಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಇಲ್ಲಿ ಇತ್ತೀಚೆಗೆ ನಡೆದ ಒಂದು ಪ್ರಕರಣ ಈ ಚರ್ಚೆಗೆ ತುಂಬ ಹತ್ತಿರದ್ದು.

2020ರ ಏಪ್ರಿಲ್, ಕೊರೊನಾ ಲಾಕ್‌ಡೌನ್. ಬೆಡ್‌ಫರ್ಡ್‌ಷೈರ್‌ನ ಮಾರ್ಸ್ಟನ್ ಮೊರೆಟೇನ್ ಎಂಬ ಹಳ್ಳಿಯಲ್ಲಿ ಟಾಮ್ ಮೂರ್ ಎಂಬ ಹಳೇ ಸೈನಿಕ, ನೂರು ತುಂಬುವ ಮೊದಲು ತನ್ನ ತೋಟದಲ್ಲಿ ನಡಿಗೆಯ ಫ್ರೇಮ್ ಹಿಡಿದು ನೂರು ಸುತ್ತು ನಡೆಯುತ್ತೇನೆ, ಆಸ್ಪತ್ರೆ ಸಿಬ್ಬಂದಿಗೆ ಸಾವಿರ ಪೌಂಡ್ ಕೂಡಿಸಿಕೊಡುತ್ತೇನೆ ಎಂದು ಹೊರಟರು. ಎರಡನೇ ಮಹಾಯುದ್ಧದಲ್ಲಿ ಭಾರತ, ಬರ್ಮಾದಲ್ಲಿ ಸೇವೆ ಮಾಡಿದವರು. ಜನ ಮನೆಯೊಳಗೆ ಕೂತು ಅಳುತ್ತಿದ್ದ ಕಾಲ. ಸಾವಿರ ಪೌಂಡ್ ಕೇಳಿದವರಿಗೆ ಬಂದದ್ದು ಸುಮಾರು 3 ಕೋಟಿ 89 ಲಕ್ಷ ಪೌಂಡ್. ನನ್ನ ಮಗಳು ತನ್ನ ಹುಂಡಿ ಒಡೆದು ಹದಿನೈದು ಪೌಂಡ್ ಕೊಟ್ಟಿದ್ದಳು, ಆಗ ಅವಳಿಗೆ ಎಂಟು ವರ್ಷ. ರಾಣಿ ಅವರಿಗೆ ನೈಟ್ ಪದವಿ ಕೊಟ್ಟರು. 2021ರ ಫೆಬ್ರವರಿಯಲ್ಲಿ ತೀರಿಕೊಂಡರು.

ಆ ಹಣವೆಲ್ಲ ಆರೋಗ್ಯ ಸೇವೆಯ ದತ್ತಿ ಸಂಸ್ಥೆಗಳಿಗೆ ನೇರ ಹೋಯಿತು, ಅದರ ಬಗ್ಗೆ ತನಿಖೆಯೂ ಇರಲಿಲ್ಲ. ಎಡವಟ್ಟಾದದ್ದು ಆಮೇಲೆ ಅವರ ಹೆಸರಿನಲ್ಲಿ ಕುಟುಂಬ ಶುರುಮಾಡಿದ ಪ್ರತಿಷ್ಠಾನದಲ್ಲಿ. 2022ರ ಜೂನ್‌ನಲ್ಲಿ ದತ್ತಿ ಸಂಸ್ಥೆಗಳ ಮೇಲೆ ಕಣ್ಣಿಡುವ ಇಲ್ಲಿನ ಚಾರಿಟಿ ಕಮಿಷನ್ ವಿಧಿವತ್ತಾಗಿ ವಿಚಾರಣೆ ಶುರುಮಾಡಿ 2024ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಆತ್ಮಕಥೆ ಮಾರಾಟವಾದರೆ ದುಡ್ಡು ಪ್ರತಿಷ್ಠಾನಕ್ಕೆ ಎಂದು ಜನ ನಂಬಿದ್ದರು. ಪ್ರಕಾಶಕರು ಕೊಟ್ಟ 14 ಲಕ್ಷ ಪೌಂಡ್‌ಗೂ ಮೀರಿದ ಮುಂಗಡ ಹೋದದ್ದು ಕುಟುಂಬದ ಕಂಪನಿಗೆ. ಪ್ರತಿಷ್ಠಾನದ ಕಟ್ಟಡ ಎಂದು ಅನುಮತಿ ಪಡೆದು ಮನೆಯ ಪಕ್ಕ ಕಟ್ಟಿದ್ದರಲ್ಲಿ ಬಿಸಿನೀರಿನ ಕೊಳವಿತ್ತು. ಸ್ಥಳೀಯ ಕೌನ್ಸಿಲ್ ಒಪ್ಪಲಿಲ್ಲ, ಮೇಲ್ಮನವಿಯೂ ಬಿದ್ದುಹೋಯಿತು, 2024ರ ಆರಂಭದಲ್ಲಿ ಅದನ್ನು ಕೆಡವಿದರು. ಮೂರ್ ಅವರ ಮಗಳು ಹತ್ತು ವರ್ಷ, ಅಳಿಯ ಎಂಟು ವರ್ಷ ಯಾವ ದತ್ತಿ ಸಂಸ್ಥೆಯ ಟ್ರಸ್ಟಿಯೂ ಆಗಬಾರದೆಂದು ಕಮಿಷನ್ ನಿಷೇಧ ಹಾಕಿತು. ತಮ್ಮನ್ನು ಅನ್ಯಾಯವಾಗಿ ನಡೆಸಿಕೊಂಡರು ಎಂದು ಕುಟುಂಬ ಹೇಳಿತು.

ನನಗೆ ನೋವಾದದ್ದು ಮನೆಯೊಳಗೆ. ಸುದ್ದಿ ನೋಡಿದ ಮಗಳು, "ಅಪ್ಪಾ, ನನ್ನ ಹದಿನೈದು ಪೌಂಡ್ ಆ ಕೊಳಕ್ಕೆ ಹೋಯ್ತಾ?" ಅಂದಳು. ಇಲ್ಲ ಮಗಳೇ, ಅದು ಆಸ್ಪತ್ರೆಗೇ ಹೋಯಿತು, ಅದೇ ಬೇರೆ ಇದೇ ಬೇರೆ ಅಂತ ಎಷ್ಟು ಬಿಡಿಸಿ ಹೇಳಿದರೂ ಅವಳ ಮುಖದಲ್ಲಿ ಮೊದಲಿನ ಬೆಳಕು ಬರಲಿಲ್ಲ.

ಒಂದು ಸಮಾಧಾನ ಎಂದರೆ ಇಲ್ಲಿ ವರ್ಷಕ್ಕೆ 25,000 ಪೌಂಡ್‌ಗಿಂತ ಹೆಚ್ಚು ಆದಾಯವಿರುವ ದತ್ತಿ ಸಂಸ್ಥೆಯ ಲೆಕ್ಕಪತ್ರವನ್ನು ಕಮಿಷನ್ನಿನ ಜಾಲತಾಣದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಯಾರ ಮುಖವನ್ನೂ ನೋಡಿ ಕೇಳಬೇಕಾಗಿಲ್ಲ. ನಿಮ್ಮ ಕಾರ್ಯದರ್ಶಿಯ ಕೋಣೆಯಲ್ಲಿ ನೀವು ನಿಂತಿದ್ದು ಓದಿದಾಗ ನನಗೆ ಅದೇ ನೆನಪಾಯಿತು.


ಬೆಳ್ಳೂರು ಕ್ರಾಸ್ · ಭಾನುವಾರ ಸಂಜೆ

ನೋಡಿದಿರಾ, ಇಂಗ್ಲೆಂಡಿನಲ್ಲೂ ಇದೇ. ಅದಕ್ಕೇ ಹೇಳಿದ್ದು, ಕೊಡಲೇಬೇಡಿ ಅಂತ.


ಮಲಪ್ರಭಾ · ಭಾನುವಾರ ರಾತ್ರಿ

ಬೆಳ್ಳೂರು ಕ್ರಾಸ್ ಅವರೇ, ಸಿಟ್ಟಾಗಬ್ಯಾಡ್ರಿ, ನನ್ನದೂ ಒಂದು ಮಾತು ಕೇಳ್ರಿ.

ಹೋದ ವರ್ಷ ನನ್ನ ಮಗಗ ಮೂಳೆ ಮಜ್ಜೆ ಕಸಿ ಮಾಡಬೇಕು ಅಂದ್ರು. ಅವಗ ಆಗ ಐದು ವರ್ಷ. ಮನಿ ಒತ್ತಿ ಹಾಕಿದ ಮ್ಯಾಲೂ ಒಂಬತ್ತು ಲಕ್ಷ ಕಮ್ಮಿ ಬಿತ್ತು. ಆನ್‌ಲೈನ್‌ನಾಗ ಮನವಿ ಹಾಕಿದ್ವಿ. ಬಂದ ಮೊದಲನೇ ಮಾತು ಏನು ಗೊತ್ತೇನ್ರಿ? "ಇದು ಖರೇನೋ ಸುಳ್ಳೋ? ಹಿಂದಿನ ಸಲ ಒಬ್ಬರಿಗೆ ಕೊಟ್ಟು ಮೋಸ ಹೋಗೇನಿ." ನಾನು ಮೋಸ ಮಾಡಿದವಲ್ಲ. ಯಾರೋ ಮಾಡಿದ ಮೋಸಕ್ಕ ನನ್ನ ಮಗನ ಫೋಟೋ ಕೆಳಗ ಆ ಮಾತು ಓದಬೇಕಾತು. ಆಸ್ಪತ್ರೆ ಅಂದಾಜು ಪಟ್ಟಿ, ಡಾಕ್ಟರ್ ಚೀಟಿ, ಆಧಾರ್ ಎಲ್ಲ ಹಾಕಿದೆ. ಆದ್ರೂ ಮಂದಿ ನಂಬಲಿಲ್ಲ. ಕಡೀಕ ನಮ್ಮೂರ ಪೋಸ್ಟ್ ಮಾಸ್ಟರ್ ಒಂದು ದಾರಿ ಹೇಳಿದ್ರು. ನನ್ನ ಖಾತೆ ತಗದು ಆಸ್ಪತ್ರೆ ಖಾತೆ ನಂಬರ್, ಮಗನ ದಾಖಲಾತಿ ನಂಬರ್ ಹಾಕಿದೆ. ಆವಾಗ ಬಂತು. ಉಳಿದ 38 ಸಾವಿರ ಪಕ್ಕದ ಹಾಸಿಗಿ ಹುಡುಗಿ ಹೆಸರಿಗೆ ಬರೆಸಿ ಕೊಟ್ವಿ, ಆ ರಸೀದಿನೂ ಹಾಕಿದೆ. ಮಗ ಈಗ ಸಾಲಿಗೆ ಹೊಂಟಾನ.

ಕೊಡಬ್ಯಾಡ್ರಿ ಅನ್ನೂದು ಸರಳ ಐತ್ರಿ. ಆದ್ರ ಆ ಮಾತಿನ ಪೆಟ್ಟು ಬೀಳೂದು ಕದ್ದವರಿಗೆ ಅಲ್ಲ, ನಮ್ಮಂಥವರಿಗೆ.


ಬೆಳ್ಳೂರು ಕ್ರಾಸ್ · ಭಾನುವಾರ ರಾತ್ರಿ

ಅಕ್ಕಾ, ಕ್ಷಮಿಸಿ. ನಾನು ಹಾಗೆ ಯೋಚಿಸಿರಲಿಲ್ಲ. ಮಗ ಚೆನ್ನಾಗಿರಲಿ.


ಕೂಟದ ಖಜಾಂಚಿ · ಸೋಮವಾರ

ನ್ಯೂಜೆರ್ಸಿಯಿಂದ. ನಮ್ಮ ಕನ್ನಡ ಕೂಟದ ಲೆಕ್ಕ ನೋಡಿಕೊಳ್ಳುತ್ತೇನೆ. ಹೋದ ನಂಬಿಕೆ ಮತ್ತೆ ಬರುತ್ತದಾ ಅನ್ನುವುದಕ್ಕೆ ಇಲ್ಲಿನದೊಂದು ಉದಾಹರಣೆ. ಯುನೈಟೆಡ್ ವೇ ಅಂತ ದೊಡ್ಡ ಸಂಸ್ಥೆ, ನೌಕರರ ಸಂಬಳದಿಂದಲೇ ತಿಂಗಳಿಗಿಷ್ಟು ಎಂದು ದೇಣಿಗೆ ಹಿಡಿಯುವ ಪದ್ಧತಿ ಬೆಳೆಸಿದ್ದು. ಅದರ ರಾಷ್ಟ್ರೀಯ ಮುಖ್ಯಸ್ಥ ವಿಲಿಯಂ ಅರಮೋನಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದವರು, ಸಂಸ್ಥೆಯನ್ನು ಬೆಳೆಸಿದವರೂ ಅವರೇ. ಸಂಸ್ಥೆಯ ದುಡ್ಡಿನಲ್ಲಿ ವಿಲಾಸ ಮಾಡಿದ್ದು ಬಯಲಾಗಿ 1992ರಲ್ಲಿ ಇಳಿದರು, 1995ರಲ್ಲಿ ಏಳು ವರ್ಷದ ಶಿಕ್ಷೆಯಾಯಿತು. ಊರೂರಿನ ಯುನೈಟೆಡ್ ವೇ ಶಾಖೆಗಳು ಕೇಂದ್ರಕ್ಕೆ ಕಟ್ಟುವ ಪಾಲನ್ನು ತಡೆಹಿಡಿದವು. ಮುಂದೆ ಬಂದ ಎಲೇನ್ ಚಾವ್ ಹಿಂದಿನವರಿಗಿಂತ ಅರ್ಧದಷ್ಟು ಸಂಬಳ ತೆಗೆದುಕೊಂಡು, ಖರ್ಚಿಗೆ ಕಟ್ಟುಪಾಡು ಹಾಕಿ ರಿಪೇರಿ ಮಾಡಲು ವರ್ಷಗಟ್ಟಲೆ ಹೆಣಗಿದರು.

ಇನ್ನೊಂದು ಕೆಲಸದ ಮಾತು. ನಿಮ್ಮ ಹಳೇ ವಿದ್ಯಾರ್ಥಿಗಳಲ್ಲಿ ಅಮೆರಿಕದ ಪೌರತ್ವ ಪಡೆದವರು ಯಾರಾದರೂ ಕೊಟ್ಟಿದ್ದಾರಾ? ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಸ್ವಂತ ಉಳಿತಾಯದಿಂದ ಕೊಟ್ಟರೆ ತೊಂದರೆ ಇಲ್ಲ. ಒಸಿಐ ಕಾರ್ಡಿನವರು, ಅಂದರೆ ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರು, ಕೊಟ್ಟರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ಅದನ್ನು ಪಡೆಯುವಂತೆಯೇ ಇಲ್ಲ. ಎಷ್ಟೋ ಸಣ್ಣ ಸಂಸ್ಥೆಗಳು ಗೊತ್ತಿಲ್ಲದೆ ಇದರಲ್ಲಿ ಸಿಕ್ಕಿಬೀಳುತ್ತವೆ.


ಥೇಮ್ಸ್ ದಂಡೆ · ಸೋಮವಾರ

ಹಾಸ್ಟೆಲ್ ಹುಡುಗರಿಗೆ ಇನ್ನೊಂದು ಎಚ್ಚರಿಕೆ. ಲಂಡನ್ನಿನಲ್ಲಿ ಕಿಡ್ಸ್ ಕಂಪನಿ ಎಂದು ಬಡ ಮಕ್ಕಳ ಸಂಸ್ಥೆಯೊಂದಿತ್ತು. 2015ರ ಆಗಸ್ಟ್‌ನಲ್ಲಿ ಆರೋಪಗಳ ಸುದ್ದಿ ಒಂದರ ಮೇಲೊಂದು ಬಂದು ಕೆಲವೇ ದಿನಗಳಲ್ಲಿ ಬಾಗಿಲು ಹಾಕಿತು. ಅದರ ಟ್ರಸ್ಟಿಗಳನ್ನು ಅನರ್ಹಗೊಳಿಸಬೇಕೆಂಬ ಸರ್ಕಾರಿ ಅಧಿಕಾರಿಯ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಮರುವರ್ಷ ಬಂದ ಚಾರಿಟಿ ಕಮಿಷನ್ ವರದಿ ಆಡಳಿತದಲ್ಲಿ ಲೋಪವಿತ್ತು ಎಂದಿತು. ಲೋಪ ಇತ್ತು, ಸರಿ. ಆದರೆ ಅಲ್ಲಿಗೆ ಊಟಕ್ಕೆ ಬರುತ್ತಿದ್ದ ಮಕ್ಕಳು ಆರು ವರ್ಷ ಕಾಯಲು ಆಗುತ್ತಿತ್ತಾ? ನಿಮ್ಮ ಹಾಸ್ಟೆಲ್‌ನಲ್ಲಿ ಈಗಲೂ ಹುಡುಗರಿದ್ದಾರೆ. ಪತ್ರಿಕೆಗೆ ಹೋಗುವ ಮೊದಲು ಮೇಜಿನ ಮುಂದೆ ಕೂತು ಕೇಳಿ.


ಹಳೇ ಹಾಸ್ಟೆಲ್ ಹುಡುಗ · ಹನ್ನೆರಡು ದಿನದ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ನೀವು ಹೇಳಿದಂತೆಯೇ ಮಾಡಿದೆ. ಅದು ಟ್ರಸ್ಟ್ ಅಲ್ಲ, ಸಂಘ. ನಮ್ಮಲ್ಲಿ ಹದಿನೇಳು ಜನ ವರ್ಷಗಳ ಹಿಂದೆ ಇನ್ನೂರು ರೂಪಾಯಿ ಕಟ್ಟಿ ಆಜೀವ ಸದಸ್ಯರಾಗಿದ್ದೆವು. ಆ ರಸೀದಿ ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಜೊತೆ ಟ್ರಂಕಿನಲ್ಲಿ ಸಿಕ್ಕಿತು. ದುಡ್ಡು ಕೊಟ್ಟ 43 ಜನ ಸಹಿ ಹಾಕಿ ಅಧ್ಯಕ್ಷರಿಗೆ ಪತ್ರ ಬರೆದೆವು. ಜಮಾ ಖರ್ಚು ಸಾರ್ ತಿದ್ದಿಕೊಟ್ಟ ಪತ್ರ ಅದು. ಆರೋಪದ ಒಂದು ಮಾತೂ ಇರಲಿಲ್ಲ, ಕಟ್ಟಡ ನಿಧಿಯ ಲೆಡ್ಜರ್ ತೋರಿಸಿ ಎಂದಷ್ಟೇ.

ಅಧ್ಯಕ್ಷರಿಗೆ ಎಂಬತ್ತೆರಡು ವರ್ಷ. ಅವರೇ ಫೋನ್ ಮಾಡಿ ಕರೆದರು. ನಾವು ಐದು ಜನ ಹೋದೆವು. ಕಾರ್ಯದರ್ಶಿಗಳು ಮೊದಲು ಮುಖ ಕೊಟ್ಟು ಮಾತಾಡಲಿಲ್ಲ. ಅಧ್ಯಕ್ಷರು, "ಪುಸ್ತಕ ತನ್ನಿ" ಅಂದರು. ಕೆಂಪು ರಟ್ಟಿನ ಉದ್ದ ಪುಸ್ತಕ. ಗೋಡೆಗೆ 2 ಲಕ್ಷ 85 ಸಾವಿರ, ಬಿಲ್ಲು ಇದೆ. ಗಾಡಿಯ ಮೊದಲ ಕಂತಿಗೆ 3 ಲಕ್ಷ 20 ಸಾವಿರ. ದಿನಸಿ ಅಂಗಡಿಯ ಹಳೇ ಬಾಕಿ 2 ಲಕ್ಷ 10 ಸಾವಿರ. ಅಡುಗೆಯವರ ಎಂಟು ತಿಂಗಳ ಸಂಬಳ 96 ಸಾವಿರ. ಉಳಿದ 2 ಲಕ್ಷ 29 ಸಾವಿರಕ್ಕೆ ಓಚರ್ ಇಲ್ಲ.

ನಾನು ಸುಮ್ಮನೆ ಕೂತಿದ್ದೆ. ಕಾರ್ಯದರ್ಶಿಗಳೇ ಬಾಯಿ ಬಿಟ್ಟರು. ಸರ್ಕಾರದಿಂದ ಬರಬೇಕಿದ್ದ ಅನುದಾನ ಒಂದು ವರ್ಷ ತಡವಾಯಿತಂತೆ, ಅಂಗಡಿಯವನು ಅಕ್ಕಿ ಕೊಡುವುದಿಲ್ಲ ಅಂದನಂತೆ. "ಗೋಡೆ ಕಟ್ಟಬೇಕಿತ್ತಾ, ಮಕ್ಕಳಿಗೆ ಅನ್ನ ಹಾಕಬೇಕಿತ್ತಾ, ನೀನೇ ಹೇಳು" ಅಂದರು. ಗಂಟಲು ಕಟ್ಟಿತ್ತು. ನಾನು ಹೇಳಿದೆ, "ಸಾರ್, ಅದನ್ನು ಆವತ್ತೇ ಗುಂಪಿನಲ್ಲಿ ಒಂದು ಸಾಲು ಬರೆದಿದ್ದರೆ ಇನ್ನೂ ಎರಡು ಲಕ್ಷ ಕೂಡಿಸಿ ಕೊಡುತ್ತಿದ್ದೆವಲ್ಲ." ಅವರು ಉತ್ತರ ಕೊಡಲಿಲ್ಲ. ಗಾಡಿ ಯಾಕೆ ಅಂದಾಗಲೂ ಕೊಡಲಿಲ್ಲ. ಓಚರ್ ಇಲ್ಲದ ದುಡ್ಡಿನ ಬಗ್ಗೆ, ನೆನಪು ಮಾಡಿಕೊಂಡು ಹೇಳುತ್ತೇನೆ ಅಂದರು. ಅದನ್ನು ನಾನು ಒಪ್ಪುವುದಿಲ್ಲ ಎಂದು ಎಲ್ಲರೆದುರು ಹೇಳಿದ್ದೇನೆ.


ಜಮಾ ಖರ್ಚು · ಅದೇ ದಿನ

ಒಪ್ಪಬೇಡಿ. ಅನ್ನಕ್ಕೆ ಹೋದ ದುಡ್ಡು ಬೇರೆ, ಓಚರ್ ಇಲ್ಲದ್ದು ಬೇರೆ. ಎರಡನ್ನೂ ಒಂದೇ ಮಾತಿನಲ್ಲಿ ಮುಚ್ಚಲು ಬಿಡಬೇಡಿ. ಸರ್ವಸದಸ್ಯರ ಸಭೆ ಕರೆಸಿ. ದಿನಸಿ, ಸಂಬಳದ ಖರ್ಚನ್ನು ಕಟ್ಟಡ ನಿಧಿಯಿಂದ ಪಡೆದ ಸಾಲ ಎಂದು ಪುಸ್ತಕದಲ್ಲಿ ತೋರಿಸಿ, ಅನುದಾನ ಬಂದ ಕೂಡಲೇ ನಿಧಿಗೆ ವಾಪಸು ಹಾಕಬೇಕೆಂದು ನಿರ್ಣಯ ಮಾಡಿಸಿ. ಗಾಡಿ ಮಾರುವುದೋ ಇಡುವುದೋ ಸಭೆ ಹೇಳಲಿ. 2 ಲಕ್ಷ 29 ಸಾವಿರಕ್ಕೆ ಮೂವತ್ತು ದಿನದ ಗಡುವು ಕೊಡಿ. ಆಗಲೂ ಲೆಕ್ಕ ಬರದಿದ್ದರೆ ಹದಿನೇಳು ಜನ ಸದಸ್ಯರು ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ ಆಗುತ್ತೀರಾ ನೋಡಿ, ನೋಂದಣಾಧಿಕಾರಿಗೆ ಅರ್ಜಿ ಹಾಕಿ. ಮುಂದೆ ಕಟ್ಟಡದ ದುಡ್ಡಿಗೆ ಪ್ರತ್ಯೇಕ ಬ್ಯಾಂಕ್ ಖಾತೆ, ಇಬ್ಬರ ಸಹಿ. ಒಂದು ಸಹಿ ನಿಮ್ಮವರದ್ದಿರಲಿ.


ನಿವೃತ್ತ ಮೇಷ್ಟ್ರು · ಅದೇ ರಾತ್ರಿ

ತಮ್ಮಾ, ಮೊದಲ ದಿನ ನಾನು ಬರೆದದ್ದನ್ನು ಮತ್ತೆ ಓದಿಕೊಂಡೆ. ಆ ತಾಯಿ ಮಗನ ಕಾಯಿಲೆಯ ವಿಷಯ ಬರೆದ ಮೇಲೆ ಎರಡು ದಿನ ಅದೇ ತಲೆಯಲ್ಲಿತ್ತು. ಕೇಳುವುದು ನಂಬಿಕೆಗೆ ಅಪಚಾರ ಎಂದುಕೊಂಡಿದ್ದೆ. ನೀನು ಕೇಳಿದ್ದರಿಂದಲೇ ಆ ಅಧ್ಯಕ್ಷರಿಗೂ ತಮ್ಮ ಮನೆಯೊಳಗೆ ಏನಾಗಿದೆ ಎಂದು ತಿಳಿಯಿತು. ನನ್ನ ಮಾತು ವಾಪಸು ತೆಗೆದುಕೊಳ್ಳುತ್ತೇನೆ. ಪ್ರತ್ಯೇಕ ಖಾತೆ ತೆರೆದ ಮೇಲೆ ತಿಳಿಸು, ನನ್ನ ಒಂದು ತಿಂಗಳ ಪಿಂಚಣಿ ಅದಕ್ಕೆ. ರಸೀದಿ ಕಳಿಸು.


ಹಳೇ ಹಾಸ್ಟೆಲ್ ಹುಡುಗ · ಅದೇ ರಾತ್ರಿ

ಮೇಷ್ಟ್ರೇ, ಖಂಡಿತ ಕಳಿಸುತ್ತೇನೆ. ಮುಂದಿನ ತಿಂಗಳ ಎರಡನೇ ಭಾನುವಾರ ಹತ್ತು ಗಂಟೆಗೆ ಸರ್ವಸದಸ್ಯರ ಸಭೆ, ನೋಟಿಸು ಅಂಟಿಸಿದ್ದಾರೆ. ಗುಂಪಿಗೆ ನನ್ನನ್ನು ಮತ್ತೆ ಸೇರಿಸಿದ್ದಾರೆ. ತಿಂಗಳ ಮೂರು ಸಾವಿರ ನಿಲ್ಲಿಸಿಲ್ಲ, ದಿನಸಿ ಅಂಗಡಿಯ ಖಾತೆಗೇ ಸೀದಾ ಹಾಕುತ್ತಿದ್ದೇನೆ. ನಿನ್ನೆ ನಾವು ಮೂರು ಜನ ಹೋಗಿ ಆ ಔಡಲ ಗಿಡ ಕಡಿದು ಬಂದೆವು. ಸೂರು ಹಾಕಲು ಎಷ್ಟು ಬೀಳುತ್ತದೆ ಎಂದು ಮೇಸ್ತ್ರಿ ಅಳತೆ ಹಿಡಿದು ಹೋಗಿದ್ದಾನೆ, ಅಂದಾಜು ಪಟ್ಟಿ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ.